ಕೆಂಪು ಗೆರೆ ಮುಟ್ಟುವ ತನಕ ಎಳೆಯಬೇಕಾ, ಮೊದಲೇ ಗೇರ್ ಹಾಕಬೇಕಾ?

ರಾಯಚೂರು_ರೆಡ್‌ಲೈನ್
ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಚಿಕ್ಕದು, ಆದರೆ ಯಾರನ್ನು ಕೇಳಿದರೂ ಒಂದೊಂದು ಉತ್ತರ ಸಿಗುತ್ತಿದೆ. ಅಸೆಟ್ಟೊ ಕೋರ್ಸಾ ಅನ್ನುವ ಕಾರ್ ರೇಸಿಂಗ್ ಸಿಮ್ಮಿನಲ್ಲಿ (ಕಂಪ್ಯೂಟರ್ ಆಟ) ಒಂದು ಸಣ್ಣ ಮಾಡ್ ಕಾರು, ಅಂದರೆ ಆಟಕ್ಕೆ ಹೊರಗಿನವರು ಮಾಡಿ ಸೇರಿಸಿದ ಕಾರು, ಓಡಿಸುತ್ತಿದ್ದೇನೆ. ರಿಯರ್ ವೀಲ್ ಡ್ರೈವ್, ಆರು ಗೇರು, ಇಂಜಿನ್ ರೆವ್ ಇನ್ನೂ ಮೇಲೆ ಏರದಂತೆ ತಡೆಯುವ ಲಿಮಿಟರ್ 7400 ಆರ್‌ಪಿಎಂಗೆ (ನಿಮಿಷಕ್ಕೆ ಇಷ್ಟು ಸುತ್ತು). ಟ್ರ್ಯಾಕ್ ಬುದ್ಧ್ ಸರ್ಕ್ಯೂಟ್. ಅಲ್ಲಿ ಮೂರನೇ ತಿರುವಿನಿಂದ ನಾಲ್ಕನೇ ತಿರುವಿಗೆ ಒಂದು ಕಿಲೋಮೀಟರಿಗೂ ಜಾಸ್ತಿ ನೇರ ದಾರಿ ಇದೆಯಲ್ಲ, ಅಲ್ಲಿ ಗೆಳೆಯನೊಬ್ಬ ಇದೇ ಕಾರಿನಲ್ಲಿ ನನ್ನಿಂದ ಮೆಲ್ಲಗೆ ದೂರ ಹೋಗುತ್ತಾನೆ. ತಿರುವಿನಿಂದ ಹೊರಗೆ ಬರುವಾಗ ಇಬ್ಬರ ಸ್ಪೀಡೂ ಒಂದೇ. ವ್ಯತ್ಯಾಸ ಇಷ್ಟೇ, ನಾನು ಎಲ್ಲಾ ಗೇರನ್ನೂ 7400 ಹತ್ತಿರ ಒಯ್ಯುತ್ತೇನೆ, ಅವನು 7000 ಚಿಲ್ಲರೆಗೇ ಬದಲಿಸುತ್ತಾನೆ. ರೆವ್ ಜಾಸ್ತಿ ಇದ್ದರೆ ಪಿಕಪ್ ಜಾಸ್ತಿ ಅಲ್ವಾ? ಹಾಗಾದರೆ ಅವನು ಹೇಗೆ ಮುಂದೆ ಹೋಗುತ್ತಾನೆ?

ಮಂಡಕ್ಕಿ_ಮಿರ್ಚಿ
ಗೆಳೆಯನ ಕಾರಿಗೆ ಪೆಟ್ರೋಲ್ ಕಡಿಮೆ ಹಾಕಿಕೊಂಡಿರುತ್ತಾನೆ, ಮೊದಲು ಅದು ನೋಡು ತಮ್ಮಾ.

ಗಂಗಾವತಿ_ಗೇರ್‌ಬಾಕ್ಸ್
ತಮಾಷೆ ಬಿಡಿ. ನಾನು ಕೇಳಿರುವ ಪ್ರಕಾರ ಟಾರ್ಕ್ (ತಿರುಗಿಸುವ ಬಲ) ಎಲ್ಲಿ ಗರಿಷ್ಠ ಇದೆಯೋ ಅಲ್ಲೇ ಗೇರ್ ಬದಲಿಸಬೇಕು. ಎಳೆಯುವುದು ಟಾರ್ಕ್ ತಾನೇ. ಅದು ಇಳಿಯಲು ಶುರುವಾದ ಮೇಲೆ ಅದೇ ಗೇರಿನಲ್ಲಿ ಕೂತಿರುವುದು ಸುಮ್ನೆ ಸದ್ದು ಮಾಡಿದ ಹಾಗೆ.

ಕೋಟೆಗುಡ್ಡ_ಜಿಟಿ3
ಗಂಗಾವತಿ ಅಣ್ಣ, ಈ ಮಾತು ಎಲ್ಲಾ ಕಡೆ ಓಡಾಡುತ್ತಿದೆ, ಆದರೆ ಅರ್ಧ ಮಾತ್ರ ನಿಜ. ಎಳೆಯುವುದು ಟಾರ್ಕೇ. ಆದರೆ ಇಂಜಿನ್ನಿನ ಟಾರ್ಕ್ ಅಲ್ಲ, ಚಕ್ರಕ್ಕೆ ಬಂದು ಮುಟ್ಟುವ ಟಾರ್ಕ್. ನಡುವೆ ಗೇರ್ ಇದೆ, ಅದು ಗುಣಿಸಿ ಕೊಡುತ್ತದೆ. ಎರಡನೇ ಗೇರಿನಲ್ಲಿ ಇಂಜಿನ್ ಸ್ವಲ್ಪ ಸುಸ್ತಾಗಿದ್ದರೂ ಗುಣಾಕಾರ ದೊಡ್ಡದಾದ್ದರಿಂದ ಚಕ್ರಕ್ಕೆ ಮೂರನೇ ಗೇರಿಗಿಂತ ಜಾಸ್ತಿಯೇ ಸಿಗುತ್ತಿರಬಹುದು.

ರಾಯಚೂರು ತಮ್ಮಾ, ಆಟ ತೆರೆಯಲು ಬಳಸುವ ಕಂಟೆಂಟ್ ಮ್ಯಾನೇಜರ್ ಆ್ಯಪ್‌ನಲ್ಲಿ ನಿನ್ನ ಕಾರಿನ ಪುಟ ತೆಗೆದರೆ ಪವರ್ ಮತ್ತು ಟಾರ್ಕ್ ಗ್ರಾಫ್ ಕಾಣುತ್ತದೆ. ಅದರ ಅಂಕಿ ಮತ್ತು ಗೇರ್ ರೇಶಿಯೊ (ಪ್ರತಿ ಗೇರಿನ ಗುಣಾಕಾರದ ಅಂಕಿ) ಇಲ್ಲಿ ಹಾಕು. ಅವೆರಡೂ ಇಲ್ಲದೆ ಎಷ್ಟು ಮಾತಾಡಿದರೂ ಗಾಳಿಯಲ್ಲಿ ಗುದ್ದಿದ ಹಾಗೆ.

ರಾಯಚೂರು_ರೆಡ್‌ಲೈನ್
ಗ್ರಾಫ್ ನೋಡಿ ಬರೆದುಕೊಂಡೆ ಅಣ್ಣ. 5000ಕ್ಕೆ 165 ಎಚ್‌ಪಿ, 5500ಕ್ಕೆ 180, 6000ಕ್ಕೆ 192, 6500ಕ್ಕೆ 198, ಅದೇ ಗರಿಷ್ಠ. ಆಮೇಲೆ 7000ಕ್ಕೆ 192, 7200ಕ್ಕೆ 186, 7400ಕ್ಕೆ 176. ರೇಶಿಯೊ ಎರಡನೇ ಗೇರಿಂದ ಹೇಳುತ್ತೇನೆ: 2.10, 1.60, 1.30, 1.10, 0.95.

ಕೋಟೆಗುಡ್ಡ_ಜಿಟಿ3
ಇದು ಬೇಕಿತ್ತು. ಈಗ ನೋಡು.

ಗೇರ್ ಹಾಕಿದಾಗ ಆರ್‌ಪಿಎಂ ಎಷ್ಟಕ್ಕೆ ಬೀಳುತ್ತದೆ ಎಂದು ಮೊದಲು ಗೊತ್ತಾಗಬೇಕು. ಮುಂದಿನ ಗೇರಿನ ರೇಶಿಯೊವನ್ನು ಈಗಿನದರಿಂದ ಭಾಗಿಸು, ಬಂದದ್ದನ್ನು ಈಗಿನ ಆರ್‌ಪಿಎಂಗೆ ಗುಣಿಸು. ಎರಡರಿಂದ ಮೂರಕ್ಕೆ 1.60 ಭಾಗ 2.10, ಅಂದರೆ 0.762. ನೀನು 7400ರಲ್ಲಿ ಬದಲಿಸಿದರೆ ಸೂಜಿ 5638ಕ್ಕೆ ಬೀಳುತ್ತದೆ. ಅಲ್ಲಿ ನಿನ್ನ ಇಂಜಿನ್ 183 ಚಿಲ್ಲರೆ ಎಚ್‌ಪಿ ಕೊಡುತ್ತದೆ. ಬದಲಿಸುವ ಮುಂಚೆ 7400ರಲ್ಲಿ ಎಷ್ಟಿತ್ತು? 176. ಮೂರನೇ ಗೇರಿನಲ್ಲಿ ಜಾಸ್ತಿ ಸಿಗುವಾಗ ಎರಡರಲ್ಲೇ ಯಾಕೆ ಕೂತಿದ್ದೆ?

ಹಾಗಂತ 7000ಕ್ಕೆ ಬದಲಿಸಿದರೂ ನಷ್ಟವೇ. ಅಲ್ಲಿ 192 ಇದೆ, ಮೂರಕ್ಕೆ ಹಾಕಿದರೆ 5333ಕ್ಕೆ ಬಿದ್ದು 175 ಆಗುತ್ತದೆ. ಎರಡೂ ಸಮ ಆಗುವ ಜಾಗ 7300. ಆಚೆ ಈಚೆ ಎರಡೂ ಕಡೆ 181ರ ಹತ್ತಿರ. ಅದೇ ನಿನ್ನ ಶಿಫ್ಟ್ ಪಾಯಿಂಟ್. ಇಷ್ಟೇ ಸೂತ್ರ: ಬದಲಿಸಿದ ಮೇಲೆ ಸಿಗುವ ಪವರ್ ಬದಲಿಸುವ ಮುಂಚಿನದಕ್ಕೆ ಸಮ ಆದಾಗ ಗೇರ್ ಹಾಕು.

ಆದರೆ ಐದರಿಂದ ಆರಕ್ಕೆ ಹೋಗುವಾಗ ಇದೇ 7300 ಹಿಡಿದು ಕೂತರೆ ಕೆಟ್ಟೆ. ಆ ಎರಡು ಗೇರು ಹತ್ತಿರ ಹತ್ತಿರ ಇವೆ, ಬೀಳುವುದು 0.864 ಪಟ್ಟು. 7000ಕ್ಕೆ ಬದಲಿಸಿದರೆ 6050ರ ಸುತ್ತ ಬೀಳುತ್ತದೆ, ಅಲ್ಲಿ 192, ಇಲ್ಲೂ 192. ಅಂದರೆ 7000ವೇ ಸರಿ. ನಡುವಿನದನ್ನೂ ಹಾಕಿ ನೋಡಿದೆ, ಮೂರರಿಂದ ನಾಲ್ಕಕ್ಕೆ 7150, ನಾಲ್ಕರಿಂದ ಐದಕ್ಕೆ 7050ರ ಹತ್ತಿರ. ನೇರ ದಾರಿಯಲ್ಲಿ ನೀನು ಜಾಸ್ತಿ ಹೊತ್ತು ಇರುವುದು ಈ ಮೇಲಿನ ಗೇರುಗಳಲ್ಲೇ. ಅಲ್ಲೆಲ್ಲ 7400 ತನಕ ಎಳೆದರೆ 192 ಸಿಗುವ ಕಡೆ 176 ಇಟ್ಟುಕೊಂಡು ಓಡುತ್ತಿದ್ದೀಯ. ಗೆಳೆಯ ದೂರ ಹೋಗದೆ ಇನ್ನೇನು ಮಾಡುತ್ತಾನೆ.

ಗಂಗಾವತಿ_ಗೇರ್‌ಬಾಕ್ಸ್
ಹಾಗಾದರೆ ಟಾರ್ಕ್ ಎಲ್ಲಿ ಹೋಯಿತು? ಪವರ್ ಅಂದರೆ ಜಾಹೀರಾತಿನಲ್ಲಿ ಬರುವ ನಂಬರ್ ಅಲ್ವಾ.

ಕೋಟೆಗುಡ್ಡ_ಜಿಟಿ3
ಟಾರ್ಕಿನಲ್ಲೇ ಲೆಕ್ಕ ಹಾಕೋಣ, ಉತ್ತರ ಅದೇ ಬರುತ್ತದೆ. ನ್ಯೂಟನ್ ಮೀಟರನ್ನು ಆರ್‌ಪಿಎಂಗೆ ಗುಣಿಸಿ 9549ರಿಂದ ಭಾಗಿಸಿದರೆ ಕಿಲೋವ್ಯಾಟ್. ಇದನ್ನೇ ತಿರುಗಿಸಿ ನೋಡಿದರೆ ಈ ಕಾರಿಗೆ 7000ದಲ್ಲಿ ಸುಮಾರು 195 ನ್ಯೂಟನ್ ಮೀಟರ್, 5333ರಲ್ಲಿ 234. ಇಂಜಿನ್ ಮಾತ್ರ ನೋಡಿದರೆ ನಿಮ್ಮ ಮಾತು ಸರಿ ಅನಿಸುತ್ತದೆ, 234 ದೊಡ್ಡದು. ಈಗ ಗೇರ್ ಗುಣಿಸಿ. ಎರಡನೇ ಗೇರಿನಲ್ಲಿ 195 ಗುಣಿಸು 2.10, ಹತ್ತಿರ ಹತ್ತಿರ 410. ಮೂರನೇ ಗೇರಿನಲ್ಲಿ 234 ಗುಣಿಸು 1.60, 374. ಯಾವುದು ಎಳೆಯುತ್ತದೆ ಹೇಳಿ. 7300ಕ್ಕೆ ಬಂದಾಗ ಎರಡೂ 371ಕ್ಕೆ ಬಂದು ಸಮ ಆಗುತ್ತವೆ. ಒಂದೇ ಸ್ಪೀಡಿನಲ್ಲಿ ಯಾವ ಗೇರಿನಲ್ಲಿ ಪವರ್ ಜಾಸ್ತಿಯೋ ಆ ಗೇರಿನಲ್ಲೇ ಚಕ್ರಕ್ಕೆ ಟಾರ್ಕೂ ಜಾಸ್ತಿ. ಜಗಳ ಬೇಕಾಗಿಲ್ಲ.

ಗಂಗಾವತಿ_ಗೇರ್‌ಬಾಕ್ಸ್
ಒಪ್ಪಿದೆ ಒಪ್ಪಿದೆ. 371 ನೋಡಿದ ಮೇಲೆ ಮಾತಿಲ್ಲ.

ಸಿಂಧನೂರು_ಸೀಕ್ವೆನ್ಷಿಯಲ್
ಲೆಕ್ಕ ಚೆನ್ನಾಗಿದೆ, ಆದರೆ ಎಲ್ಲಾ ಸಿಮ್ಮಿನಲ್ಲೂ ಗ್ರಾಫ್ ಸಿಗಲ್ಲ. ಅಸೆಟ್ಟೊ ಕೋರ್ಸಾ ಸರಣಿಯ ಇನ್ನೊಂದು ಆಟ ಕಾಂಪಿಟಿಜಿಯೋನೆಯಲ್ಲಿ ಜಿಟಿ3 (ಸ್ಪೋರ್ಟ್ಸ್ ಕಾರಿನಿಂದ ಮಾಡಿದ ರೇಸ್ ಕಾರುಗಳ ವರ್ಗ) ಕಾರಿನ ಪವರ್ ಗ್ರಾಫ್ ಆಟದೊಳಗೆ ಎಲ್ಲೂ ತೋರಿಸಲ್ಲ. ಅಲ್ಲಿ ನಾನು ಮಾಡುವುದು ಹೀಗೆ. ಸೆಟಪ್‌ನ ಎಲೆಕ್ಟ್ರಾನಿಕ್ಸ್ ಪುಟದಲ್ಲಿ ಟೆಲಿಮೆಟ್ರಿ ಲ್ಯಾಪ್ ಅಂತ ಒಂದು ಆಯ್ಕೆ ಇದೆ, ಅದನ್ನು ಆನ್ ಮಾಡಿ ಓಡಿಸಿದರೆ ಡಾಕ್ಯುಮೆಂಟ್ಸ್ ಫೋಲ್ಡರಿನಲ್ಲಿ ಓಟದ ಸ್ಪೀಡ್, ರೆವ್ ಎಲ್ಲಾ ದಾಖಲಾದ ಮೊಟೆಕ್ ಫೈಲ್ ಬಂದು ಕೂರುತ್ತದೆ. ಉದ್ದದ ನೇರ ದಾರಿ ನೋಡಿಕೊಂಡು ಪ್ರತಿ ಗೇರನ್ನೂ ಲಿಮಿಟರ್ ತನಕ ಬೇಕಂತಲೇ ಎಳೆಯಿರಿ. ಮುಂದಿನ ಲ್ಯಾಪಿನಲ್ಲಿ ಅದೇ ಜಾಗದಲ್ಲಿ ಬೇಗ ಬೇಗ ಗೇರ್ ಹಾಕಿ, ಕೆಳಗಿನ ರೆವ್‌ನಿಂದ ಎಳೆಯಿರಿ.

ಆಮೇಲೆ ಆ ಫೈಲ್ ಓದುವ ಮೊಟೆಕ್ ಐ2 ಸಾಫ್ಟ್‌ವೇರಿನಲ್ಲಿ ಚುಕ್ಕಿ ಗ್ರಾಫ್ ತೆರೆದು ಅಡ್ಡಕ್ಕೆ ಸ್ಪೀಡ್, ಉದ್ದಕ್ಕೆ ಮುಂದಕ್ಕೆ ತಳ್ಳುವ ಜಿ (ಸ್ಪೀಡ್ ಏರುವ ದರ), ಬಣ್ಣ ಗೇರಿನ ಪ್ರಕಾರ ಇಡಿ. ಮೂರನೇ ಗೇರಿನ ಚುಕ್ಕಿಗಳು ಒಂದು ಬಣ್ಣದಲ್ಲಿ ಇಳಿಯುತ್ತಾ ಬರುತ್ತವೆ, ನಾಲ್ಕನೆಯದು ಇನ್ನೊಂದು ಬಣ್ಣದಲ್ಲಿ ಕೆಳಗಿಂದ ಸಾಗಿ ಬರುತ್ತದೆ, ಎಲ್ಲೋ ಒಂದು ಕಡೆ ಎರಡೂ ಒಂದನ್ನೊಂದು ಕತ್ತರಿಸುತ್ತವೆ. ಕತ್ತರಿಸಿದ ಸ್ಪೀಡಿಗೆ ಮೂರನೇ ಗೇರಿನಲ್ಲಿ ಆರ್‌ಪಿಎಂ ಎಷ್ಟು ಎಂದು ನೋಡಿದರೆ ಮುಗಿಯಿತು. ಕತ್ತರಿಸದೇ ಹೋದರೆ ಆ ಗೇರನ್ನು ಲಿಮಿಟರ್ ಹತ್ತಿರದವರೆಗೂ ಎಳೆಯಬಹುದು ಎಂದರ್ಥ. ಮುಂದೆ ಯಾವ ಕಾರೂ ಇರಬಾರದು, ಅದರ ಹಿಂದೆ ಗಾಳಿ ತಡೆ ಕಡಿಮೆಯಾಗುವ ಸ್ಲಿಪ್‌ಸ್ಟ್ರೀಮ್ ಸಿಕ್ಕರೆ ಗ್ರಾಫ್ ಸುಳ್ಳು ಹೇಳುತ್ತದೆ. ಏರು ಇಳಿಜಾರು ಇರುವ ಜಾಗವೂ ಬೇಡ.

ಈ ಅಳತೆಯಲ್ಲಿ ಇನ್ನೊಂದು ಲಾಭ ಇದೆ. ಕೆಳಗಿನ ಗೇರಿನಲ್ಲಿ ಇಂಜಿನ್, ಫ್ಲೈವೀಲ್ ಎಲ್ಲವನ್ನೂ ಬೇಗ ಬೇಗ ಸುತ್ತಿಸಲಿಕ್ಕೇ ಸ್ವಲ್ಪ ಶಕ್ತಿ ಖರ್ಚಾಗುತ್ತದೆ. ಕಾಗದದ ಲೆಕ್ಕದಲ್ಲಿ ಅದು ಬರಲ್ಲ, ಅಳತೆಯಲ್ಲಿ ತಾನಾಗೇ ಬಂದುಬಿಡುತ್ತದೆ. ಅದಕ್ಕೇ ಕೆಳಗಿನ ಗೇರುಗಳಲ್ಲಿ ಅಳತೆಯ ಉತ್ತರ ಲೆಕ್ಕಕ್ಕಿಂತ ಸ್ವಲ್ಪ ಮುಂಚೆ ಬರುತ್ತದೆ.

ಮಂಡಕ್ಕಿ_ಮಿರ್ಚಿ
ಇಷ್ಟೆಲ್ಲ ಓದಿದ್ದರೆ ಪಿಯುಸಿಯಲ್ಲಿ ಫಿಸಿಕ್ಸ್ ಪಾಸಾಗುತ್ತಿತ್ತು. ಸುಮ್ನೆ ಒಂದು ನಂಬರ್ ಹೇಳ್ರಪ್ಪ. ಜಿಟಿ3ಗೆ ಎಷ್ಟಕ್ಕೆ ಹಾಕಬೇಕು?

ಕೋಟೆಗುಡ್ಡ_ಜಿಟಿ3
ಒಂದು ನಂಬರ್ ಇಲ್ಲ ಗುರು, ಅದೇ ತೊಂದರೆ. ಮರ್ಸಿಡಿಸ್ ಎಎಂಜಿ ಜಿಟಿ3ಯಲ್ಲಿ 6.2 ಲೀಟರಿನ ದೊಡ್ಡ ವಿ8, ಟರ್ಬೊ ಇಲ್ಲ, ರೆವ್ ಅಷ್ಟು ಮೇಲೆ ಹೋಗಲ್ಲ. ಪೋರ್ಷೆ 911 ಜಿಟಿ3 ಆರ್‌ನ ಫ್ಲಾಟ್ ಸಿಕ್ಸ್‌ಗೂ ಟರ್ಬೊ ಇಲ್ಲ, ಆದರೆ ಅದು ಮೇಲೆ ಮೇಲೆ ಕೂಗುತ್ತಾ ಹೋಗುತ್ತದೆ. ಬಿಎಂಡಬ್ಲ್ಯೂ ಎಂ4 ಜಿಟಿ3 ಮೂರು ಲೀಟರಿನ ಟರ್ಬೊ ಇನ್‌ಲೈನ್ ಸಿಕ್ಸ್. ಟರ್ಬೊ ಕಾರಿಗೆ ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಮಿತಿ ಹಾಕಿರುತ್ತಾರೆ, ಹಾಗಾಗಿ ಪವರ್ ಒಂದು ಮಟ್ಟಕ್ಕೆ ಬಂದು ಚಪ್ಪಟೆಯಾಗಿ ನಿಲ್ಲುತ್ತದೆ, ಆಮೇಲೆ ಕೊನೆಯಲ್ಲಿ ಬೀಳುತ್ತದೆ. ಅಂಥ ಕಾರಿನಲ್ಲಿ ಕೆಂಪು ಗೆರೆವರೆಗೆ ಎಳೆಯುವುದು ಶುದ್ಧ ದಂಡ. ಪೋರ್ಷೆಯ ಅಭ್ಯಾಸವನ್ನು ಎಂ4ಗೆ ತಂದರೆ ಕಷ್ಟ.

ಇದಕ್ಕೆ ಒಳ್ಳೆಯ ಉದಾಹರಣೆ ಫಾರ್ಮುಲಾ ಒನ್. 2014ರಲ್ಲಿ ವಿ6 ಹೈಬ್ರಿಡ್ ಬಂದಾಗ ನಿಯಮದಲ್ಲಿ 15,000 ಆರ್‌ಪಿಎಂ ತನಕ ಬಿಟ್ಟಿದ್ದರು. ಆದರೆ ಯಾರೂ ಅಲ್ಲಿವರೆಗೆ ಹೋಗುತ್ತಿರಲಿಲ್ಲ. ಗಂಟೆಗೆ 100 ಕೆಜಿಗಿಂತ ಜಾಸ್ತಿ ಇಂಧನ ಹರಿಯಬಾರದು ಅಂತ ಇನ್ನೊಂದು ನಿಯಮ ಇತ್ತು, ಆ ಪೂರ್ತಿ ಹರಿವು 10,500ಕ್ಕೇ ಸಿಗುತ್ತಿತ್ತು. ಅದರ ಮೇಲೆ ಸುತ್ತಿಸಿದರೆ ಇಂಧನ ಅಷ್ಟೇ, ಒಳಗಿನ ಘರ್ಷಣೆ ಮಾತ್ರ ಜಾಸ್ತಿ. ಅದಕ್ಕೇ ಹಳೆಯ ವಿ8 ಕಾಲದ 18,000ದ ಕೂಗು ಹೋಗಿ ಆ ದಪ್ಪ ಸದ್ದು ಬಂತು.

ತೋರಣಗಲ್ಲು_ಟಿಪ್ಪರ್
ಎಲ್ಲರೂ ಮೇಲಿನ ಗೇರಿನದೇ ಹೇಳುತ್ತಿದ್ದೀರಿ, ಇಳಿಸುವುದರ ಬಗ್ಗೆ ಯಾರೂ ಮಾತಾಡಲಿಲ್ಲ. ನಮ್ಮಪ್ಪ ಸಂಡೂರು ಕಡೆಯಿಂದ ಅದಿರು ಟಿಪ್ಪರ್ ಓಡಿಸುತ್ತಾರೆ. ಘಾಟಿನಲ್ಲಿ ಲೋಡ್ ಗಾಡಿ ಇಳಿಸುವಾಗ ಅವರದು ಒಂದೇ ಮಾತು, ಇಳಿಜಾರು ಶುರುವಾಗುವ ಮುಂಚೆ ಗೇರ್ ಇಳಿಸು, ಶುರುವಾದ ಮೇಲೆ ಅಲ್ಲ. ಒಮ್ಮೆ ಸ್ಪೀಡ್ ಹಿಡಿದರೆ ಕೆಳಗಿನ ಗೇರ್ ಕೂರುವುದಿಲ್ಲ, ಬಲವಂತವಾಗಿ ಕೂರಿಸಿದರೆ ಇಂಜಿನ್ ಹೋಗುತ್ತದೆ. ಸಿಮ್ಮಿನಲ್ಲೂ ಇದೇ. ಲಿಮಿಟರ್ ಕಾಯುತ್ತದೆ ಅಂತ ಹುಡುಗರು ನಂಬಿರುತ್ತಾರೆ. ಲಿಮಿಟರ್ ಇಂಧನ ಅಥವಾ ಕಿಡಿ ನಿಲ್ಲಿಸುತ್ತದೆ ಅಷ್ಟೇ. ಚಕ್ರವೇ ಇಂಜಿನ್ನನ್ನು ಸುತ್ತಿಸುತ್ತಿರುವಾಗ ಅದು ಏನು ಮಾಡೀತು?

ರಾಯಚೂರು ತಮ್ಮನ ಕಾರಿಗೇ ಲೆಕ್ಕ ಹಾಕಿ. ಮೂರನೇ ಗೇರಿನಲ್ಲಿ 6000 ಇರುವಾಗ ಎರಡಕ್ಕೆ ಇಳಿಸಿದರೆ 6000 ಗುಣಿಸು 2.10 ಭಾಗ 1.60, ಬರುವುದು 7875. ಲಿಮಿಟ್ 7400. ಅಂದರೆ 5600ಕ್ಕಿಂತ ಕೆಳಗೆ ಬರುವ ತನಕ ಎರಡನೇ ಗೇರು ಮುಟ್ಟಬಾರದು. ಬ್ರೇಕ್ ಹಾಕಿದ ತಕ್ಷಣ ಟಕಟಕ ಅಂತ ಮೂರು ಸಲ ಪ್ಯಾಡಲ್ (ಸ್ಟಿಯರಿಂಗ್ ಹಿಂದಿನ ಗೇರ್ ಗುಂಡಿ) ಒತ್ತುವವರು ಇದನ್ನು ನೋಡಿ.

ಸಿಂಧನೂರು_ಸೀಕ್ವೆನ್ಷಿಯಲ್
ಟಿಪ್ಪರ್ ಅಣ್ಣ ಹೇಳಿದ್ದು ಸರಿ. ಕಾಂಪಿಟಿಜಿಯೋನೆಯ ಜಿಟಿ3 ಕಾರು ರೆವ್ ಜಾಸ್ತಿ ಆಗುವ ಹಾಗಿದ್ದರೆ ಗೇರ್ ಇಳಿಸಲು ಬಿಡುವುದೇ ಇಲ್ಲ. ಇಂಜಿನ್ ಬಚಾವ್, ಆದರೆ ನೀವು ಎರಡರಲ್ಲಿ ಇದ್ದೇನೆ ಅಂದುಕೊಂಡು ಮೂರರಲ್ಲೇ ತಿರುವಿಗೆ ಹೋಗಿರುತ್ತೀರಿ, ಹೊರಗೆ ಬರುವಾಗ ಪಿಕಪ್ ಇರಲ್ಲ. ಎಚ್ ಶಿಫ್ಟರ್ (ಕ್ಲಚ್ ಒತ್ತಿ ಕೈಯಿಂದ ಹಾಕುವ ಗೇರ್ ಕೋಲು) ಕಾರಿನಲ್ಲಿ ಆ ಕಾವಲು ಇಲ್ಲ. ಡ್ಯಾಮೇಜ್ ಆನ್ ಇದ್ದರೆ ಇಂಜಿನ್ ಹೊಗೆ. ರೆವ್ ಹೊಂದಿಸದೆ ಕ್ಲಚ್ ಬಿಟ್ಟರೆ ಹಿಂದಿನ ಚಕ್ರ ಲಾಕ್ ಆಗಿ ಕಾರು ತಿರುಗಿ ನಿಲ್ಲುತ್ತದೆ. ಅದಕ್ಕೇ ಬ್ರೇಕ್ ಒತ್ತಿಕೊಂಡೇ ಹಿಮ್ಮಡಿಯಿಂದ ಎಕ್ಸಿಲೇಟರ್‌ಗೆ ಒಂದು ಏಟು ಕೊಡುವುದು.

ರಾಯಚೂರು_ರೆಡ್‌ಲೈನ್
ನಂಬರ್ ಎಲ್ಲಾ ಅರ್ಥವಾಯಿತು. ಆದರೆ ಓಡಿಸುವಾಗ ಸೂಜಿ ನೋಡುತ್ತಾ ಕೂರಲು ಆಗಲ್ಲವಲ್ಲ. 7300 ಅಂತ ಹೇಳಿ ಒತ್ತಿದರೆ ಎರಡನೇ ಗೇರಿನಲ್ಲಿ ಲಿಮಿಟರ್ ಬಡಿಯುತ್ತದೆ.

ಕೋಟೆಗುಡ್ಡ_ಜಿಟಿ3
ಬಡಿಯಲೇಬೇಕು. ಗೇರ್ ಹಾಕು ಅನ್ನುವ ಲೈಟ್ ಕಂಡ ಮೇಲೆ ಬೆರಳು ಒತ್ತಲು ಮನುಷ್ಯನಿಗೆ ಸುಮಾರು 0.2 ಸೆಕೆಂಡ್ ಬೇಕು. ಎರಡನೇ ಗೇರಿನಲ್ಲಿ ರೆವ್ ಸೆಕೆಂಡಿಗೆ 2000ದಂತೆ ಏರುತ್ತಿದ್ದರೆ ಅಷ್ಟರಲ್ಲಿ 400 ಮುಂದೆ ಹೋಗಿರುತ್ತದೆ. ಹಾಗಾಗಿ 7300ಕ್ಕೆ ಬದಲಾಗಬೇಕಾದರೆ ಲೈಟ್ ಅಥವಾ ಬೀಪ್ 6900ಕ್ಕೆ ಇಡು. ಐದನೇ ಗೇರಿನಲ್ಲಿ ರೆವ್ ತೆವಳಿಕೊಂಡು ಏರುತ್ತದೆ, ಅಲ್ಲಿ 7000ಕ್ಕೆ 6950 ಇಟ್ಟರೆ ಸಾಕು. ಒಂದೇ ಲೈಟು ಎಲ್ಲಾ ಗೇರಿಗೂ ಇಟ್ಟರೆ ಯಾವುದಕ್ಕಾದರೂ ತಪ್ಪುತ್ತದೆ. ಜಿ29 ತರಹದ ಆಟದ ಸ್ಟಿಯರಿಂಗ್ ವೀಲಿನ ಮೇಲಿರುವ ಸಾಲು ಲೈಟು ಸುಮಾರಾಗಿ ದಾರಿ ತೋರಿಸುತ್ತದೆ, ಪೂರ್ತಿ ನಂಬಬೇಡ.

ಸ್ವಲ್ಪ ದಿನದಲ್ಲಿ ಕಿವಿಯೇ ಹೇಳುತ್ತದೆ. ನಿಜ ಹೇಳಬೇಕೆಂದರೆ ಕಿವಿಗಿಂತ ಒಳ್ಳೆಯ ಟ್ಯಾಕೋಮೀಟರ್ ಇಲ್ಲ. ಸೆಟ್ಟಿಂಗ್‌ನಲ್ಲಿ ಟೈರ್ ಮತ್ತು ಗಾಳಿ ಸದ್ದು ಸ್ವಲ್ಪ ಇಳಿಸಿ, ಇಂಜಿನ್ ಸದ್ದು ಏರಿಸು. ಹಾಡು ಹಾಕಿಕೊಂಡು ಓಡಿಸಬೇಡ.

ಮಂಡಕ್ಕಿ_ಮಿರ್ಚಿ
ಬಳ್ಳಾರಿಯಲ್ಲಿ ಏಪ್ರಿಲ್ ತಿಂಗಳು ಕೂತು ಈ ಮಾತು ಹೇಳಬೇಡಿ ಅಣ್ಣ. 40 ಡಿಗ್ರಿ ದಾಟಿದಾಗ ಪಕ್ಕದಲ್ಲಿ ಕೂಲರ್ ಇಲ್ಲದೆ ಆಗಲ್ಲ, ಕೂಲರ್ ಹಾಕಿದರೆ ಇಂಜಿನ್ ಸದ್ದು ಎಲ್ಲಿ ಕೇಳುತ್ತದೆ? ಹೆಡ್‌ಫೋನ್ ಹಾಕಿದರೆ ಕಿವಿ ಬೆವರುತ್ತದೆ. ನಾನು ಸೀಟಿನ ಕೆಳಗೆ ಒಂದು ಬಾಸ್ ಶೇಕರ್ (ಸದ್ದನ್ನು ನಡುಕ ಮಾಡುವ ಯಂತ್ರ) ತಿರುಪಿ, ಹಳೆಯ ಆಂಪ್ಲಿಫೈಯರ್‌ಗೆ ಕೊಟ್ಟು, ಸಿಮ್‌ಹಬ್ ಸಾಫ್ಟ್‌ವೇರಿನಿಂದ ರೆವ್ ಕಂಪನ ಕಳಿಸುತ್ತೇನೆ. ರೆವ್ ಏರಿದ ಹಾಗೆ ತೊಡೆಯ ಕೆಳಗಿನ ನಡುಕ ಸಣ್ಣಗೆ, ಚುರುಕಾಗುತ್ತಾ ಹೋಗುತ್ತದೆ. ಲಿಮಿಟರ್ ಹತ್ತಿರ ಬಂದಾಗ ಜುಮ್ಮೆನ್ನುತ್ತದೆ. ಕೂಲರ್ ಎಷ್ಟು ಕೂಗಿದರೂ ಚಿಂತೆಯಿಲ್ಲ. ಕೆಳಗಿನ ಮನೆಯವರು ಮಾತ್ರ ಒಮ್ಮೆ ಮೇಲೆ ಬಂದು ನೋಡಿ ಹೋದರು, ಮಿಕ್ಸಿ ಕೆಟ್ಟಿದೆಯಾ ಅಂತ.

ತೋರಣಗಲ್ಲು_ಟಿಪ್ಪರ್
ಮಿರ್ಚಿ, ಇಷ್ಟು ದಿನಕ್ಕೆ ಒಂದು ಕೆಲಸಕ್ಕೆ ಬರುವ ಮಾತು ಹೇಳಿದೆ.

ಗಂಗಾವತಿ_ಗೇರ್‌ಬಾಕ್ಸ್
ನನ್ನದೊಂದು ಅನುಮಾನ. ಲೆಕ್ಕದ ಪ್ರಕಾರ 7300 ಅಂದರೆ ಯಾವಾಗಲೂ 7300ಕ್ಕೇ ಹಾಕಬೇಕಾ? ಮಳೆಯಲ್ಲಿ ಎರಡನೇ ಗೇರಿನಲ್ಲಿ ತಿರುವಿನಿಂದ ಹೊರಗೆ ಬರುವಾಗ ಹಿಂಭಾಗ ಜಾರಿ ಹೋಗುತ್ತದೆ.

ಕೋಟೆಗುಡ್ಡ_ಜಿಟಿ3
ಬೇಡವೇ ಬೇಡ. ಆ ಲೆಕ್ಕ ಟೈರು ರಸ್ತೆ ಹಿಡಿದಿರುವಾಗ ಮಾತ್ರ. ಟೈರು ಜಾರುತ್ತಿದ್ದರೆ ಜಾಸ್ತಿ ಟಾರ್ಕ್ ಕೊಡುವುದು ಜಾರಿಕೆಗೇ ಹೋಗುತ್ತದೆ, ಟೈರ್ ಬಿಸಿಯಾಗುತ್ತದೆ, ಮುಂದಿನ ಲ್ಯಾಪಿನಲ್ಲಿ ಇನ್ನೂ ಜಾರುತ್ತದೆ. ಮಳೆಯಲ್ಲಿ ಬೇಗ ಮೂರಕ್ಕೆ ಹಾಕಿ, ಅಥವಾ ಆ ತಿರುವನ್ನು ಮೂರರಲ್ಲೇ ತೆಗೆದುಕೊಳ್ಳಿ. ಒಣ ರಸ್ತೆಯಲ್ಲೂ ಹೇರ್‌ಪಿನ್ನಿನಿಂದ ಹೊರಗೆ ಬರುವಾಗ ಸ್ಟಿಯರಿಂಗ್ ಇನ್ನೂ ತಿರುಗಿದ್ದರೆ ನಾನು ಮೊದಲೇ ಗೇರ್ ಹಾಕಿಬಿಡುತ್ತೇನೆ.

ಬ್ರೇಕ್ ಹಾಕುವ ಜಾಗ ಇನ್ನೇನು ಬಂತು ಅನ್ನುವಾಗಲೂ ಗೇರ್ ಏರಿಸಬೇಡಿ. ಎಚ್ ಶಿಫ್ಟರಿನಲ್ಲಿ ಕ್ಲಚ್ ಒತ್ತಿ ಗೇರ್ ಹಾಕಿ ಬಿಡುವಷ್ಟು ಹೊತ್ತು ಕಾರನ್ನು ಯಾರೂ ಎಳೆಯುತ್ತಿರಲ್ಲ. ಅಷ್ಟು ಕಳೆದುಕೊಂಡು ಗೇರ್ ಹಾಕಿ, ಮರುಕ್ಷಣ ಬ್ರೇಕ್ ಹಾಕಿದರೆ ಏನು ಬಂತು? ಲಿಮಿಟರ್ ಬಡಿಯದಿದ್ದರೆ ಹಳೆಯ ಗೇರೇ ಇರಲಿ. ಪ್ಯಾಡಲ್ ಕಾರಿನಲ್ಲಿ ಆ ನಷ್ಟ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

ಇನ್ನೊಂದು ವಿಷಯ, ಯಾರಿಗೂ ಬೇಜಾರಾಗಬಾರದು. ಶಿಫ್ಟ್ ಪಾಯಿಂಟ್ ತಿದ್ದಿದ್ದರಿಂದ ಸಿಗುವುದು ಒಂದು ಲ್ಯಾಪಿಗೆ ಸ್ವಲ್ಪವೇ. ತಿರುವಿನಿಂದ ನಾಲ್ಕು ಕಿಮೀ ಜಾಸ್ತಿ ಸ್ಪೀಡಿನಲ್ಲಿ ಹೊರಗೆ ಬಂದರೆ ಅದಕ್ಕಿಂತ ಎಷ್ಟೋ ಪಟ್ಟು ಸಿಗುತ್ತದೆ. ಆದರೆ ಶಿಫ್ಟ್ ಪಾಯಿಂಟ್ ಒಂದು ಸಲ ಕಲಿತರೆ ಪ್ರತಿ ಲ್ಯಾಪಿನಲ್ಲೂ ಬಿಟ್ಟಿ ಬರುತ್ತದೆ. ತಿರುವು ಹಾಗಲ್ಲ.

ರಾಯಚೂರು_ರೆಡ್‌ಲೈನ್
ಕೊನೆಯದೊಂದು. ಆ ನೇರ ದಾರಿಯ ತುದಿಯಲ್ಲಿ ಆರನೇ ಗೇರಿನಲ್ಲಿ 6300 ದಾಟುವುದೇ ಇಲ್ಲ. ಫೈನಲ್ ಡ್ರೈವ್ (ಗೇರ್‌ಬಾಕ್ಸ್ ಆದ ಮೇಲಿನ ಕೊನೆಯ ಗೇರು) ಚಿಕ್ಕದು, ಅಂದರೆ ರೇಶಿಯೊ ಅಂಕಿ ದೊಡ್ಡದು, ಮಾಡಲಾ? ಮಾಡಿದರೆ ಈ 7300, 7150 ಎಲ್ಲಾ ಮತ್ತೆ ಲೆಕ್ಕ ಹಾಕಬೇಕಾ?

ಸಿಂಧನೂರು_ಸೀಕ್ವೆನ್ಷಿಯಲ್
6300ರಲ್ಲಿ ನಿನಗೆ 195 ಚಿಲ್ಲರೆ ಸಿಗುತ್ತಿದೆ, ಗರಿಷ್ಠ 198. ಆ ಮೂರು ಎಚ್‌ಪಿಗೆ ಕೈ ಹಾಕಬೇಡ. ರೇಸಿನಲ್ಲಿ ಮುಂದಿನ ಕಾರಿನ ಸ್ಲಿಪ್‌ಸ್ಟ್ರೀಮ್ ಸಿಕ್ಕಾಗ ಅದೇ ಗೇರು 6500 ದಾಟುತ್ತದೆ, ಆ ಜಾಗ ಖಾಲಿ ಇರಲಿ. ಒಬ್ಬನೇ ಕ್ವಾಲಿಫೈ ಮಾಡುವಾಗ ಬೇಕಾದರೆ ಒಂದು ಹೆಜ್ಜೆ ಚಿಕ್ಕದು ಮಾಡಿ ನೋಡು.

ಲೆಕ್ಕ ಮತ್ತೆ ಹಾಕಬೇಕಾಗಿಲ್ಲ. ಫೈನಲ್ ಡ್ರೈವ್ ಎಲ್ಲಾ ಗೇರಿಗೂ ಒಂದೇ ಸಮ ಗುಣಿಸುತ್ತದೆ, ಎರಡು ಗೇರಿನ ನಡುವಿನ ಅಂತರ ಹಾಗೇ ಇರುತ್ತದೆ, ಹಾಗಾಗಿ ಆರ್‌ಪಿಎಂ ಬದಲಾಗಲ್ಲ. ಆ ಆರ್‌ಪಿಎಂ ಟ್ರ್ಯಾಕಿನಲ್ಲಿ ಬರುವ ಜಾಗ ಮಾತ್ರ ಹಿಂದಕ್ಕೆ ಸರಿಯುತ್ತದೆ. ಬೀಪ್ ಮಾತ್ರ ಇನ್ನು ಸ್ವಲ್ಪ ಮುಂಚೆ ಇಡು, ರೆವ್ ಮೊದಲಿಗಿಂತ ಬೇಗ ಏರುತ್ತದೆ. ಒಂದೊಂದೇ ಗೇರಿನ ರೇಶಿಯೊ ಮುಟ್ಟಿದರೆ ಮಾತ್ರ ಆ ಗೇರಿಗೆ ಹೋಗುವುದು, ಅಲ್ಲಿಂದ ಮುಂದಕ್ಕೆ ಹೋಗುವುದು, ಎರಡೂ ಹೊಸದಾಗಿ ಲೆಕ್ಕ ಹಾಕು.